ಗುಂಡಿಯ ಮೇಲಿನ ಮಾತು

ಕಾಗದವೊಂದನ್ನು ಬರೆದು, ಮಡಿಸಿ, ಲಕೋಟೆಯಲ್ಲಿ ಹಾಕಿ, ವಿಳಾಸವನ್ನೂ ಬರೆದು, ಮೇಜಿನ ಖಾನೆಯಲ್ಲಿಟ್ಟು ಮರೆತ ಅನುಭವ ನಿಮಗೂ ಇದ್ದೀತು. ಬರೆದದ್ದು ನಿಜ, ಬರೆದದ್ದು ಹಾಳಾಗದೆ ಉಳಿದಿರುವುದೂ ನಿಜ. ಆದರೆ ಅದು ಅಂಚೆಯ ಪೆಟ್ಟಿಗೆಗೆ ಬೀಳಲಿಲ್ಲ. ಆದ್ದರಿಂದ ತಲುಪಬೇಕಾದವರಿಗೆ ತಲುಪಲಿಲ್ಲ. ಅತ್ತ ಕಡೆಯವರು “ಒಂದು ಕಾಗದವನ್ನಾದರೂ ಬರೆಯಬಾರದಿತ್ತೆ?” ಎಂದು ನೊಂದುಕೊಂಡರೆ ಅವರನ್ನು ದೂರುವಂತಿಲ್ಲ.

ಈಗ ಇನ್ನೊಂದು ಮನೆಯನ್ನು ಕಲ್ಪಿಸಿಕೊಳ್ಳಿ. ಸಂಜೆ ಏಳು ಗಂಟೆ. ಒಂಬತ್ತನೆಯ ತರಗತಿಯ ಹುಡುಗಿ ತಂದೆಯ ಮೊಬೈಲ್ ಫೋನಿನಲ್ಲಿ ವಿಜ್ಞಾನದ ಕಿರುಪರೀಕ್ಷೆಯನ್ನು ಬರೆಯುತ್ತಿದ್ದಾಳೆ. ಹತ್ತು ಪ್ರಶ್ನೆ, ಹತ್ತಕ್ಕೂ ಉತ್ತರ ಕೊಟ್ಟಳು. ಪ್ರತಿಯೊಂದು ಪ್ರಶ್ನೆಯ ಎದುರಿಗೂ ‘ಉತ್ತರ ಉಳಿಸಲಾಗಿದೆ’ ಎಂಬ ಮಾತು ಪರದೆಯ ಮೇಲೆ ಮೂಡಿತು. ಸಮಾಧಾನವಾಯಿತು. ಫೋನನ್ನು ತಂದೆಗೆ ಕೊಟ್ಟು ಊಟಕ್ಕೆ ಎದ್ದಳು. ಮರುದಿನ ಅಂಕಗಳ ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಏನೂ ಇಲ್ಲ. ಅವಳ ಉತ್ತರಗಳು ಉಳಿದಿದ್ದವು, ಹೋಗಿರಲಿಲ್ಲ. ಖಾನೆಯಲ್ಲಿಟ್ಟ ಕಾಗದದ ಕಥೆಯೇ ಇದೂ ಸಹ. ಒಂದು ವ್ಯತ್ಯಾಸವಿದೆ. ಕಾಗದವನ್ನು ಮರೆತವರು ನಾವು. ಈ ಹುಡುಗಿಯಾದರೋ ಏನನ್ನೂ ಮರೆತಿರಲಿಲ್ಲ. ಒಂದು ಮಾತನ್ನು ಇದ್ದಂತೆಯೇ ನಂಬಿದಳು, ಅಷ್ಟೆ.

ಯಂತ್ರದ ಮೂಲಕ ಪಾಠ ಕಲಿಯುವಾಗ ಗುಂಡಿಗಳ ಮೇಲೆ ಬರೆದಿರುವ ಒಂದೆರಡು ಮಾತುಗಳಿಗೆ ಎಷ್ಟು ಬೆಲೆಯುಂಟು, ಅವನ್ನು ಹೇಗೆ ಆರಿಸಬೇಕು ಎಂಬುದೇ ಇಲ್ಲಿಯ ವಿಷಯ. ತಂತ್ರಜ್ಞರ ವಿಷಯವೆಂದು ದಯವಿಟ್ಟು ಪುಟ ತಿರುವಬೇಡಿ. 2020ರಲ್ಲಿ ಕೊರೋನಾ ಜಾಡ್ಯದಿಂದ ಶಾಲೆಗಳು ಮುಚ್ಚಿದಾಗ ಈ ಗುಂಡಿಗಳು ನಮ್ಮ ನಡುಮನೆಗೇ ಬಂದವು. ಶಾಲೆಗಳು ಮತ್ತೆ ತೆರೆದರೂ ಅವು ಮನೆಯಿಂದ ಹೊರಟುಹೋಗಲಿಲ್ಲ.

ಯಂತ್ರಪಾಠವೇನೂ ನಿನ್ನೆ ಮೊನ್ನೆಯದಲ್ಲ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಡೊನಾಲ್ಡ್ ಬಿಟ್ಜರ್ ಅವರು 1960ರಲ್ಲಿ ‘ಪ್ಲೇಟೋ’ ಎಂಬ ಪಾಠವ್ಯವಸ್ಥೆಯನ್ನು ಆರಂಭಿಸಿದರು. ಮುಂದೆ ಬೆಳೆದ ಅದರ ಕೀಲಿಮಣೆಯಲ್ಲಿ ಅಕ್ಷರಗಳಲ್ಲದೆ ಮುಂದೆ, ಹಿಂದೆ, ಸಹಾಯ ಎಂಬ ಅರ್ಥದ ಸಣ್ಣ ಇಂಗ್ಲಿಷ್ ಮಾತುಗಳನ್ನು ಬರೆದ ಕೀಲಿಗಳಿದ್ದವು. ವಿದ್ಯಾರ್ಥಿ ಉತ್ತರ ಬರೆದೊಡನೆ ಅದರ ಪಕ್ಕದಲ್ಲಿಯೇ ‘ಸರಿ’ ಅಥವಾ ‘ಅಲ್ಲ’ ಎಂಬಷ್ಟೇ ತೀರ್ಪು ಕಾಣಿಸುತ್ತಿತ್ತು. ಗುಂಡಿ ಒತ್ತಿದರೆ ಏನಾಗುವುದೆಂಬುದು, ಒತ್ತಿದ ಮೇಲೆ ಏನಾಯಿತೆಂಬುದು, ಎರಡೂ ಸಣ್ಣ ಮಾತಿನಲ್ಲಿ ತಿಳಿಯಬೇಕೆಂಬ ವಿವೇಕ ಅಂದೇ ಇತ್ತು.

ನಮ್ಮ ದೇಶದಲ್ಲಿ 2017ರಲ್ಲಿ ‘ಸ್ವಯಂ’ ಮತ್ತು ‘ದೀಕ್ಷಾ’ ಎಂಬ ಎರಡು ಸರ್ಕಾರಿ ಪಾಠವ್ಯವಸ್ಥೆಗಳು ಆರಂಭವಾದವು. ಹೊರಗಿನವುಗಳಲ್ಲಿ ಬಹು ಪ್ರಸಿದ್ಧವಾದುದು ‘ಮೂಡಲ್’. ಹೆಸರು ಕೇಳಿದರೆ ನಮ್ಮ ಮೂಡಲ ದಿಕ್ಕು ನೆನಪಾದೀತು, ಸಂಬಂಧವೇನೂ ಇಲ್ಲ. ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ಮಾರ್ಟಿನ್ ಡೂಗಿಯಾಮಸ್ ಅವರು ರೂಪಿಸಿದ ಇದರ ಮೊದಲ ಪೂರ್ಣ ಆವೃತ್ತಿ 2002ರಲ್ಲಿ ಹೊರಬಂತು. ಯಾರು ಬೇಕಾದರೂ ಬೆಲೆ ಕೊಡದೆ ಬಳಸಬಹುದಾದ್ದರಿಂದ ಶಾಲೆ ಕಾಲೇಜುಗಳು ಇದನ್ನು ಧಾರಾಳವಾಗಿ ಹಿಡಿದವು. ಇದರಲ್ಲಿರುವ ಮಾತುಗಳನ್ನೆಲ್ಲ ಪಾಠದಿಂದ ಬೇರ್ಪಡಿಸಿ, ಸಾಲು ಸಾಲಾಗಿ ಒಂದು ಪಟ್ಟಿಯಲ್ಲಿ ಇಟ್ಟಿರುತ್ತಾರೆ. ಆಯಾ ಭಾಷೆಯ ಸ್ವಯಂಸೇವಕರು ಆ ಪಟ್ಟಿಯನ್ನು ತಮ್ಮ ಭಾಷೆಗೆ ತರುತ್ತಾರೆ. ಯಾವ ಸಾಲಿಗೆ ಅನುವಾದವಾಗಿಲ್ಲವೋ ಆ ಸಾಲು ಇಂಗ್ಲಿಷಿನಲ್ಲಿಯೇ ಕಾಣುತ್ತದೆ. ಕನ್ನಡ ಪರದೆಯ ನಡುವೆ ಇದ್ದಕ್ಕಿದ್ದಂತೆ ಇಂಗ್ಲಿಷ್ ಗುಂಡಿಯೊಂದು ತಲೆ ಎತ್ತುವುದಕ್ಕೆ ಇದು ಒಂದು ಕಾರಣ.

ಆ ಹುಡುಗಿಗೆ ಒದಗಿದ ತೊಡಕು ಎಂಥದೆಂಬುದನ್ನು ಮೂಡಲಿನ ಪರೀಕ್ಷೆಯನ್ನೇ ಉದಾಹರಣೆಯಾಗಿಟ್ಟುಕೊಂಡು ನೋಡೋಣ. ಕೊನೆಯ ಪ್ರಶ್ನೆಯಾದ ಮೇಲೆ ಒಂದು ಗುಂಡಿ ಬರುತ್ತದೆ. ಅದರ ಇಂಗ್ಲಿಷ್ ಮಾತಿನ ಅರ್ಥ ‘ಪ್ರಯತ್ನವನ್ನು ಮುಗಿಸು’ ಎಂದು. ಅದನ್ನು ಒತ್ತಿದರೆ ಪರೀಕ್ಷೆ ಮುಗಿಯುವುದಿಲ್ಲ! ಪ್ರಶ್ನೆಗಳ ಒಂದು ಪಟ್ಟಿ ಬರುತ್ತದೆ. ಉತ್ತರಿಸಿದ ಪ್ರಶ್ನೆಗಳ ಮುಂದೆ ‘ಉತ್ತರ ಉಳಿಸಲಾಗಿದೆ’, ಬಿಟ್ಟವುಗಳ ಮುಂದೆ ‘ಇನ್ನೂ ಉತ್ತರಿಸಿಲ್ಲ’ ಎಂಬ ಅರ್ಥದ ಮಾತು ಇರುತ್ತದೆ. ಆ ಪಟ್ಟಿಯ ಕೆಳಗೆ ಇನ್ನೊಂದು ಗುಂಡಿ: ‘ಎಲ್ಲವನ್ನೂ ಸಲ್ಲಿಸಿ ಮುಗಿಸು’. ಇದನ್ನು ಒತ್ತಿ, ‘ಮತ್ತೆ ತಿದ್ದಲಾಗದು, ಒಪ್ಪಿಗೆಯೆ?’ ಎಂಬ ಕೊನೆಯ ಪ್ರಶ್ನೆಗೂ ಹೌದೆಂದ ಮೇಲೆಯೇ ಉತ್ತರ ಪತ್ರಿಕೆ ಹೊರಡುವುದು.

ಇಲ್ಲಿ ಒಂದು ಮಾತು ‘ಮುಗಿಯಿತು’ ಎಂದು ಹೇಳಿ ಮುಗಿಸಲಿಲ್ಲ. ಇನ್ನೊಂದು ಮಾತು ‘ಉಳಿಯಿತು’ ಎಂದು ನಿಜವನ್ನೇ ಹೇಳಿ ತಪ್ಪು ನಂಬಿಕೆಯನ್ನು ಹುಟ್ಟಿಸಿತು. ಪಟ್ಟಿಯನ್ನು ತೋರಿಸುವುದು ಒಳ್ಳೆಯ ಉದ್ದೇಶದಿಂದಲೇ. ಬಿಟ್ಟ ಪ್ರಶ್ನೆಯನ್ನು ಮತ್ತೆ ನೋಡಲು ಅವಕಾಶವಾಗಲೆಂದು. ಆದರೆ ದಣಿದ ಮಗುವಿಗೆ ಉದ್ದೇಶ ಕಾಣುವುದಿಲ್ಲ, ಮಾತು ಕಾಣುತ್ತದೆ.

ಮುಂದೇನಾಗುವುದು? ವೇಳೆ ಮೀರಿದಾಗ ಏನಾಗಬೇಕೆಂಬುದನ್ನು ಶಿಕ್ಷಕರು ಮೂರು ಬಗೆಯಲ್ಲಿ ಗೊತ್ತುಮಾಡಬಹುದು. ಬರೆದಷ್ಟು ತಾನಾಗಿಯೇ ಸಲ್ಲಿಕೆಯಾಗುವಂತೆ ಮಾಡಬಹುದು. ಹೊಸ ಉತ್ತರ ಬರೆಯಲು ಬಿಡದೆ, ಸಲ್ಲಿಸಲು ಮಾತ್ರ ಸ್ವಲ್ಪ ಹೆಚ್ಚಿನ ಕಾಲ ಕೊಡಬಹುದು. ಇಲ್ಲವೆ, ಕಾಲ ಮೀರುವ ಮುನ್ನ ಸಲ್ಲಿಸದಿದ್ದರೆ ಲೆಕ್ಕಕ್ಕೇ ತೆಗೆದುಕೊಳ್ಳದಂತೆ ಮಾಡಬಹುದು. ಮೊದಲನೆಯ ಏರ್ಪಾಡಿನಲ್ಲಿ ನಮ್ಮ ಹುಡುಗಿ ಉಳಿಯುತ್ತಾಳೆ. ಮೂರನೆಯದರಲ್ಲಿ ಹತ್ತೂ ಉತ್ತರ ಸರಿಯಾಗಿದ್ದರೂ ಕೈಗೆ ಬರುವುದು ಶೂನ್ಯವೇ. ಮೂರರಲ್ಲಿ ಯಾವುದನ್ನು ಗೊತ್ತುಮಾಡಿದೆ ಎಂಬುದು ಆ ಪಟ್ಟಿಯ ಮೇಲೆ ದೊಡ್ಡಕ್ಷರದಲ್ಲಿ ಇರುವುದು ನ್ಯಾಯ. ‘ಉತ್ತರಗಳು ಇಲ್ಲಿ ಉಳಿದಿವೆ; ಶಿಕ್ಷಕರಿಗೆ ಇನ್ನೂ ಹೋಗಿಲ್ಲ’ ಎಂಬ ಒಂದೇ ಸಾಲು ಸಾಕಿತ್ತು.

ಗುಂಡಿಯ ಮೇಲಿನ ಮಾತನ್ನು ಆರಿಸುವವರು ಮೂರು ಪ್ರಶ್ನೆಗಳನ್ನು ಕೇಳಿಕೊಂಡರೆ ಬಹಳಷ್ಟು ಕೆಲಸವಾದಂತೆ. ಇದನ್ನು ಒತ್ತಿದರೆ ಏನಾಗುತ್ತದೆ? ನಾನು ಬರೆದದ್ದು ಯಾರಿಗೆ ಕಾಣುತ್ತದೆ? ತಪ್ಪಾದರೆ ಹಿಂದಕ್ಕೆ ಪಡೆಯಬಹುದೆ? ಈ ಮೂರಕ್ಕೂ ಉತ್ತರ ಗುಂಡಿಯ ಮೇಲೆ, ಅಥವಾ ಅದರ ಪಕ್ಕದ ಒಂದು ಸಾಲಿನಲ್ಲಿ, ಸಿಗಬೇಕು. ‘ಸರಿ’ ಎಂದಷ್ಟೇ ಬರೆದ ಗುಂಡಿ ಈ ಮೂರರಲ್ಲಿ ಒಂದನ್ನೂ ಹೇಳುವುದಿಲ್ಲ. ‘ಶಿಕ್ಷಕರಿಗೆ ಕಳುಹಿಸಿ’ ಎಂಬುದು ಮೊದಲಿನ ಎರಡನ್ನು ಹೇಳುತ್ತದೆ. ‘ಕಳುಹಿಸಿದ ಮೇಲೆ ತಿದ್ದಲಾಗದು’ ಎಂದು ಪಕ್ಕದಲ್ಲಿ ಸೇರಿಸಿದರೆ ಮೂರನೆಯದೂ ಆಯಿತು.

ಮೂರನೆಯ ಪ್ರಶ್ನೆಯನ್ನು ಅಂತರರಾಷ್ಟ್ರೀಯ ನಿಯಮವೊಂದು ಎತ್ತಿ ಹಿಡಿದಿದೆ. ಜಾಲದ ಮಾನದಂಡಗಳನ್ನು ರೂಪಿಸುವ ಡಬ್ಲ್ಯು ತ್ರೀ ಸಿ ಎಂಬ ಸಂಸ್ಥೆ, ಅಂಗವಿಕಲರಿಗೂ ಜಾಲತಾಣಗಳು ಎಟುಕುವಂತಿರಬೇಕೆಂದು ಮಾಡಿದ ನಿಯಮಗಳ ಎರಡನೆಯ ಆವೃತ್ತಿಯನ್ನು 2008ರ ಡಿಸೆಂಬರಿನಲ್ಲಿ ಪ್ರಕಟಿಸಿತು. ಅದರಲ್ಲಿ ಹಣದ ವ್ಯವಹಾರ, ಕಾನೂನಿನ ಕರಾರುಗಳ ಸಾಲಿನಲ್ಲಿಯೇ ಪರೀಕ್ಷೆಯ ಉತ್ತರಗಳನ್ನು ಸಲ್ಲಿಸುವ ಕೆಲಸವನ್ನೂ ಹೆಸರಿಸಿ ಇಟ್ಟಿದ್ದಾರೆ. ಸಲ್ಲಿಸಿದ್ದನ್ನು ಹಿಂದಕ್ಕೆ ಪಡೆಯುವಂತಿರಬೇಕು, ಅಥವಾ ತಪ್ಪುಗಳನ್ನು ಪರೀಕ್ಷಿಸಿ ತಿದ್ದಲು ಅವಕಾಶ ಕೊಡಬೇಕು, ಅಥವಾ ಕೊನೆಯ ಒಪ್ಪಿಗೆಗೆ ಮುನ್ನ ಎಲ್ಲವನ್ನೂ ಮತ್ತೊಮ್ಮೆ ನೋಡಿ ದೃಢಪಡಿಸಲು ಬಿಡಬೇಕು. ಮೂರರಲ್ಲಿ ಒಂದಾದರೂ ಇರಲೇಬೇಕೆಂಬುದು ಆ ನಿಯಮ. ಮಗುವಿನ ಉತ್ತರ ಪತ್ರಿಕೆಗೆ ಬ್ಯಾಂಕಿನ ಹಣದಷ್ಟೇ ಗೌರವ ಸಂದಿದೆ ಎಂದಾಯಿತು.

ಇನ್ನು ನಮ್ಮ ಕನ್ನಡದ ಮಾತಿಗೆ ಬರೋಣ. ಇಂಗ್ಲಿಷಿನಿಂದ ಪದಕ್ಕೆ ಪದವಿಟ್ಟರೆ ಕೆಲಸ ಮುಗಿಯಿತೆಂದು ತಿಳಿಯುವವರುಂಟು. ನೋಡಿ, ‘ಉಳಿಸಿ’ ಮತ್ತು ‘ಅಳಿಸಿ’ ಎಂಬ ಎರಡು ಗುಂಡಿಗಳು ಪಕ್ಕಪಕ್ಕದಲ್ಲಿವೆ. ಒಂದು ಕಾಪಾಡುತ್ತದೆ, ಇನ್ನೊಂದು ನಾಶಮಾಡುತ್ತದೆ. ನಡುವೆ ಇರುವ ಅಂತರ ಒಂದೇ ಅಕ್ಷರ. ಸಣ್ಣ ಪರದೆ, ಮಂದ ಬೆಳಕು, ಅಜ್ಜಿಯ ಕನ್ನಡಕ. ಇಷ್ಟಾದರೆ ಸಾಕು, ಒಂದು ಗಂಟೆಯ ಬರವಣಿಗೆ ಮಾಯವಾಗಲು. ಮಗುವನ್ನು ಅಳುವಂತೆ ಮಾಡುವುದಕ್ಕೂ ನಮ್ಮಲ್ಲಿ ‘ಅಳಿಸು’ ಎಂದೇ ಹೆಸರು. ಇಲ್ಲಿ ಎರಡು ಅರ್ಥವೂ ಕೂಡಿಬಂದಂತಾಗುತ್ತದೆ! ‘ಅಳಿಸಿ’ ಎನ್ನುವಲ್ಲಿ ‘ತೆಗೆದುಹಾಕಿ’ ಎಂದರೆ ನೋಟಕ್ಕೂ ಕಿವಿಗೂ ಎರಡು ಗುಂಡಿಗಳು ಬೇರೆಯಾಗುತ್ತವೆ. ಅವನ್ನು ಪಕ್ಕಪಕ್ಕದಲ್ಲಿ ಇಡದಿರುವುದು ಇನ್ನೂ ಲೇಸು.

‘ಸಲ್ಲಿಸಿ’ ಎಂಬುದು ಕಚೇರಿಯ ಮಾತು. ಅರ್ಜಿಯನ್ನು ಸಲ್ಲಿಸುತ್ತೇವೆ, ಲೆಕ್ಕಪತ್ರವನ್ನು ಸಲ್ಲಿಸುತ್ತೇವೆ. ದೊಡ್ಡವರಿಗೆ ಇದು ತಿಳಿಯುತ್ತದೆ. ಆದರೆ ಶಾಲೆಗೆ ನಮ್ಮಲ್ಲಿ ಇದಕ್ಕಿಂತ ಹತ್ತಿರದ ಮಾತೊಂದಿದೆ: ‘ಒಪ್ಪಿಸು’. ಮಗ್ಗಿ ಒಪ್ಪಿಸುವುದು, ಪದ್ಯ ಒಪ್ಪಿಸುವುದು, ಪಾಠ ಒಪ್ಪಿಸುವುದು ನಮ್ಮ ಮನೆಮನೆಯ ಮಾತು. ಕಲಿತದ್ದನ್ನು ಗುರುಗಳ ಮುಂದಿಟ್ಟು ‘ಇನ್ನು ನೀವು ನೋಡಿ’ ಎನ್ನುವ ಅರ್ಥ ಅದರಲ್ಲಿಯೇ ಇದೆ. ‘ಶಿಕ್ಷಕರಿಗೆ ಒಪ್ಪಿಸಿ’ ಎಂಬ ಗುಂಡಿಯನ್ನು ಕಂಡ ಹುಡುಗ, ಒತ್ತದೆ ಹೋದರೆ ಒಪ್ಪಿಸಿದಂತಾಗಲಿಲ್ಲವೆಂದು ತಾನೇ ತಿಳಿಯುತ್ತಾನೆ. ಹೊಸ ವಸ್ತುವಿಗೆ ಬಳಕೆಯಲ್ಲಿದ್ದ ಹಳೆಯ ಮಾತನ್ನು ಹೊಂದಿಸಿದರೆ ಜನ ಎಷ್ಟು ಬೇಗ ಒಪ್ಪುತ್ತಾರೆಂಬುದಕ್ಕೆ ದೂರ ಹುಡುಕಬೇಕಾಗಿಲ್ಲ. ಮೈಸೂರಿನಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಆರಂಭಿಸಿದ ಬಾನುಲಿ ನಿಲಯಕ್ಕೆ ‘ಆಕಾಶವಾಣಿ’ ಎಂಬ ಹೆಸರು ಬಂತು. ಪುರಾಣ ಕೇಳಿದವರಿಗೆಲ್ಲ ಮೊದಲೇ ಗೊತ್ತಿದ್ದ ಮಾತು ಅದು. ಅರ್ಥ ಹೇಳಿಕೊಡುವ ಅಗತ್ಯವೇ ಬೀಳಲಿಲ್ಲ.

ಇನ್ನೊಂದು ಗೋಜು ‘ಪ್ರತಿಕ್ರಿಯೆ’ ಎಂಬ ಮಾತಿನದು. ಪ್ರಶ್ನೆಗೆ ವಿದ್ಯಾರ್ಥಿ ಕೊಡುವ ಉತ್ತರ, ಚರ್ಚೆಯಲ್ಲಿ ಒಬ್ಬರ ಮಾತಿಗೆ ಇನ್ನೊಬ್ಬರು ಬರೆಯುವ ಮರುನುಡಿ, ಉತ್ತರವನ್ನು ತಿದ್ದಿ ಶಿಕ್ಷಕರು ಹೇಳುವ ಮಾತು, ಪಾಠ ಹೇಗಿತ್ತೆಂದು ಕೇಳಿದಾಗ ನಾವು ಹೇಳುವ ಅಭಿಪ್ರಾಯ. ಇಂಗ್ಲಿಷಿನಲ್ಲಿ ಈ ನಾಲ್ಕಕ್ಕೂ ಬೇರೆ ಬೇರೆ ಪದಗಳಿವೆ. ಕನ್ನಡಕ್ಕೆ ತರುವಾಗ ನಾಲ್ಕರ ಮೇಲೂ ‘ಪ್ರತಿಕ್ರಿಯೆ’ ಎಂಬ ಒಂದೇ ಚೀಟಿ ಅಂಟಿಸುವುದು ಸುಲಭ. ಆಮೇಲೆ ‘ಪ್ರತಿಕ್ರಿಯೆಗಳನ್ನು ನೋಡಿ’ ಎಂದರೆ ಯಾರ ಮಾತನ್ನು ನೋಡುವುದು? ನಮ್ಮಲ್ಲಿಯೂ ಪದಗಳಿಗೆ ಬಡತನವಿಲ್ಲ. ಪ್ರಶ್ನೆಗೆ ‘ಉತ್ತರ’; ಚರ್ಚೆಯಲ್ಲಿ ‘ಮರುನುಡಿ’; ತಿದ್ದಿದವರದು ‘ಶಿಕ್ಷಕರ ಸಲಹೆ’; ಪಾಠದ ಬಗ್ಗೆ ‘ನಿಮ್ಮ ಅಭಿಪ್ರಾಯ’. ಒಂದು ಕೆಲಸಕ್ಕೆ ಒಂದೇ ಮಾತು, ಒಂದು ಮಾತಿಗೆ ಒಂದೇ ಕೆಲಸ. ಮೊದಲ ಪುಟದಿಂದ ಕೊನೆಯವರೆಗೆ ಇದು ನಡೆದುಬರಬೇಕು. ಒಂದೆಡೆ ‘ಒಪ್ಪಿಸಿ’, ಇನ್ನೊಂದೆಡೆ ‘ಸಲ್ಲಿಸು’, ಮತ್ತೊಂದೆಡೆ ‘ಕಳುಹಿಸಿರಿ’ ಎಂದಿದ್ದರೆ, ಇವು ಮೂರು ಬೇರೆ ಬೇರೆ ಕೆಲಸಗಳೆಂದು ಮಗು ತಿಳಿದರೆ ಆಶ್ಚರ್ಯವಿಲ್ಲ.

ವ್ಯಾಕರಣವೂ ಇಲ್ಲಿ ತನ್ನ ಪಾಲನ್ನು ಕೇಳುತ್ತದೆ. ಇಂಗ್ಲಿಷಿನಲ್ಲಿ ಹೆಸರಿನ ಜಾಗವನ್ನು ಖಾಲಿ ಬಿಟ್ಟು ವಾಕ್ಯವನ್ನು ಸಿದ್ಧಮಾಡಿದರೆ, ಯಂತ್ರ ಯಾವ ಹೆಸರನ್ನು ತುಂಬಿದರೂ ವಾಕ್ಯ ನಿಲ್ಲುತ್ತದೆ. ಕನ್ನಡದಲ್ಲಿ ಹೆಸರಿಗೆ ವಿಭಕ್ತಿ ಅಂಟಬೇಕು: ರಾಮನಿಗೆ, ಸೀತೆಗೆ, ಗುರುವಿಗೆ. ಯಂತ್ರಕ್ಕೆ ಈ ಸೂಕ್ಷ್ಮ ತಿಳಿಯದು. ‘ರಾಮ ಗೆ ಉತ್ತರ’ ಎಂದು ಒಡಕು ಕನ್ನಡವನ್ನು ಎದುರಿಗಿಡುತ್ತದೆ. ಪರಿಹಾರ ನಮ್ಮ ಮರ್ಯಾದೆಯ ಮಾತಿನಲ್ಲಿಯೇ ಇದೆ. ‘ರಾಮ ಅವರಿಗೆ’, ‘ಸೀತಾ ಅವರಿಗೆ’ ಎಂದರೆ ಹೆಸರು ಯಾವುದಾದರೂ ವಾಕ್ಯ ಕೆಡುವುದಿಲ್ಲ, ಗೌರವವೂ ಉಳಿಯಿತು. ಹಾಗೆಯೇ ‘1 ಉತ್ತರಗಳು’ ಎಂಬ ವಿಚಿತ್ರ ಬಹುವಚನವನ್ನು ತಪ್ಪಿಸಲು ‘ಬಂದ ಉತ್ತರ: 1’ ಎಂದು ಬರೆದರಾಯಿತು. ಒಂದಿರಲಿ, ನೂರಿರಲಿ, ಅದು ಸಲ್ಲುತ್ತದೆ. ಹತ್ತು ರೂಪಾಯಿ ಎನ್ನುತ್ತೇವಲ್ಲದೆ ಹತ್ತು ರೂಪಾಯಿಗಳು ಎಂದು ಸಂತೆಯಲ್ಲಿ ಯಾರು ಹೇಳುತ್ತಾರೆ?

ಉತ್ತರ ಕೊಟ್ಟ ಮೇಲೆ ಯಂತ್ರ ಏನು ಹೇಳಬೇಕೆಂಬುದು ಇಷ್ಟೇ ಮುಖ್ಯವಾದದ್ದು. ‘ತಪ್ಪು’ ಎಂಬ ಕೆಂಪು ಮಾತು ಕಂಡರೆ ಮಗುವಿಗೆ ತಾನು ದಡ್ಡನೆಂಬುದಷ್ಟೇ ತಿಳಿಯಬಹುದು. ಎಲ್ಲಿ ಎಡವಿದೆನೆಂಬುದು ತಿಳಿಯದು. ಅವ್ರಹಾಂ ಕ್ಲೂಗರ್ ಮತ್ತು ಏಂಜೆಲೊ ಡಿನೀಸಿ ಎಂಬ ಇಬ್ಬರು ವಿದ್ವಾಂಸರು, ಕೆಲಸ ಮಾಡಿದವರಿಗೆ ಅವರ ಕೆಲಸದ ಗುಣದೋಷವನ್ನು ತಿಳಿಸುವುದರಿಂದ ಏನಾಗುತ್ತದೆಂದು ಅಳೆದಿದ್ದ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 1996ರಲ್ಲಿ ಪರಿಶೀಲಿಸಿದರು. ಒಟ್ಟಿನ ಮೇಲೆ ಲಾಭವೇ ಕಂಡಿತು. ಆದರೆ ಅವರು ನೋಡಿದ 607 ಫಲಿತಾಂಶಗಳಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚಿನವುಗಳಲ್ಲಿ, ತಿಳಿಸಿದ ಮೇಲೆ ಕೆಲಸ ಇನ್ನಷ್ಟು ಕೆಟ್ಟಿತ್ತು! ಮಾತು ಕೆಲಸದ ಕಡೆಗಿಂತ ಮನುಷ್ಯನ ಕಡೆಗೆ ತಿರುಗಿದಂತೆಲ್ಲ ಅದರ ಗುಣ ಕಡಿಮೆಯಾಗುತ್ತದೆ ಎಂಬುದು ಅವರ ವಿವರಣೆ.

ಒಂದು ಲೆಕ್ಕವನ್ನೇ ತೆಗೆದುಕೊಳ್ಳಿ. 1/2ಕ್ಕೆ 1/3ನ್ನು ಕೂಡಿಸಲು ಹೇಳಿದರೆ ಹುಡುಗ 2/5 ಎಂದು ಬರೆದ. ‘ತಪ್ಪು, ಮತ್ತೆ ಪ್ರಯತ್ನಿಸಿ’ ಎಂದರೆ ಅವನು ಇನ್ನೊಂದು ಸಂಖ್ಯೆಯನ್ನು ಊಹಿಸುತ್ತಾನೆ. ‘ನಿಮ್ಮ ಉತ್ತರ ಅರ್ಧಕ್ಕಿಂತ ಕಡಿಮೆ ಇದೆ. ಅರ್ಧಕ್ಕೆ ಇನ್ನಷ್ಟು ಕೂಡಿಸಿದ ಮೇಲೆ ಅದು ಕಡಿಮೆಯಾಗಬಹುದೆ? ಮೊದಲು ಎರಡಕ್ಕೂ ಒಂದೇ ಛೇದ ಮಾಡಿಕೊಳ್ಳಿ’ ಎಂದರೆ ಅವನು ಯೋಚಿಸುತ್ತಾನೆ. 3/6, 2/6 ಎಂದು ಮಾಡಿಕೊಂಡು 5/6ಕ್ಕೆ ತಾನೇ ಬಂದು ನಿಲ್ಲುತ್ತಾನೆ. ಇಲ್ಲಿ ಬಯ್ಗುಳವಿಲ್ಲ, ಹುಸಿ ಹೊಗಳಿಕೆಯೂ ಇಲ್ಲ, ದಾರಿ ಇದೆ. ಮತ್ತೊಂದು ಮಾತು: ಸರಿ ತಪ್ಪುಗಳನ್ನು ಹಸಿರು ಕೆಂಪು ಬಣ್ಣಗಳಿಂದ ಮಾತ್ರ ತೋರಿಸಕೂಡದು. ಆ ಎರಡು ಬಣ್ಣಗಳ ಭೇದ ಕಾಣದ ಮಕ್ಕಳಿದ್ದಾರೆ. ಬಣ್ಣದ ಜೊತೆಗೆ ಮಾತೂ ಇರಬೇಕು.

ಇಷ್ಟೆಲ್ಲ ಯೋಚಿಸಿ ಆರಿಸಿದ ಮಾತು ಸರಿಯಾಗಿದೆಯೆ ಎಂದು ತಿಳಿಯುವುದು ಹೇಗೆ? ಬಾನುಲಿ ಕೇಳುವ ನಿಮಗೆ ಸುಲಭವಾಗಿ ಒಪ್ಪಿಗೆಯಾಗುವ ಪರೀಕ್ಷೆಯೊಂದಿದೆ. ಅದನ್ನು ಗಟ್ಟಿಯಾಗಿ ಓದಿಸಿ, ಕಣ್ಣು ಮುಚ್ಚಿ ಕೇಳಿ. ಊರಿನಲ್ಲಿರುವ ಹುಡುಗ ಬೆಂಗಳೂರಿನಲ್ಲಿರುವ ಚಿಕ್ಕಪ್ಪನಿಗೆ ಫೋನು ಮಾಡುತ್ತಾನೆ: “ಚಿಕ್ಕಪ್ಪಾ, ಇಲ್ಲಿ ‘ಸರಿ’ ಅಂತ ಒಂದು, ‘ರದ್ದು’ ಅಂತ ಒಂದು ಬಂದಿದೆ. ಯಾವುದನ್ನು ಒತ್ತಲಿ?” ಚಿಕ್ಕಪ್ಪನಿಗೆ ಏನು ತಿಳಿದೀತು? “ಅದರ ಮೇಲೆ ಏನು ಬರೆದಿದೆಯೋ ಓದು ಮರಿ” ಎಂದು ಅವರು ಕೇಳಲೇಬೇಕು. ಅದೇ ಹುಡುಗ “‘ಶಿಕ್ಷಕರಿಗೆ ಒಪ್ಪಿಸಿ’ ಅಂತ ಒಂದು, ‘ಮತ್ತೆ ತಿದ್ದುತ್ತೇನೆ’ ಅಂತ ಒಂದು” ಎಂದರೆ ಚಿಕ್ಕಪ್ಪ ಪರದೆಯನ್ನು ನೋಡದೆಯೇ ಉತ್ತರ ಹೇಳಬಲ್ಲರು. ಕಣ್ಣು ಕಾಣದ ವಿದ್ಯಾರ್ಥಿಗಳಿಗೆ ಯಂತ್ರವೇ ಪರದೆಯನ್ನು ಓದಿ ಹೇಳುತ್ತದೆ. ಅವರ ಪಾಲಿಗೆ ದಿನವೂ ಇದೇ ಪರೀಕ್ಷೆ. ಕಿವಿಗೆ ತಿಳಿಯುವ ಮಾತು ಕಣ್ಣಿಗೂ ತಿಳಿಯುತ್ತದೆ.

ಮನೆಯವರಾಗಿ ನಾವು ಮಾಡಬಹುದಾದದ್ದೂ ಉಂಟು. ಮಗು ಪರೀಕ್ಷೆ ಮುಗಿಸಿ ಏಳುವಾಗ “ಬರೆದೆಯಾ?” ಎಂದು ಕೇಳುವ ಬದಲು “ಒಪ್ಪಿಸಿದೆಯಾ? ತಲುಪಿತು ಅಂತ ಬಂತಾ?” ಎಂದು ಕೇಳಿ. ತಿಳಿಯದ ಮಾತೊಂದು ಪರದೆಯ ಮೇಲೆ ಕಂಡರೆ ಅದನ್ನು ಇದ್ದಂತೆಯೇ ಬರೆದುಕೊಂಡು ಶಾಲೆಗೆ ತಿಳಿಸಿ. “ನನಗೆ ಕಂಪ್ಯೂಟರು ಗೊತ್ತಿಲ್ಲ” ಎಂದು ಸಂಕೋಚಪಡಬೇಡಿ. ಓದು ಬಲ್ಲ ಮನುಷ್ಯನಿಗೆ ಗುಂಡಿಯ ಮಾತು ತಿಳಿಯದಿದ್ದರೆ ಕೊರತೆ ಇರುವುದು ಮಾತಿನಲ್ಲಿ, ಮನುಷ್ಯನಲ್ಲಿ ಅಲ್ಲ. ಕನ್ನಡವನ್ನು ಚೆನ್ನಾಗಿ ಬಲ್ಲ ನಿವೃತ್ತ ಉಪಾಧ್ಯಾಯರು ನಿಮ್ಮ ಮನೆಯಲ್ಲಿದ್ದರೆ, ಮೂಡಲಿನಂಥ ವ್ಯವಸ್ಥೆಗಳ ಅನುವಾದದ ಪಟ್ಟಿ ಅವರ ಕೈಗೂ ತೆರೆದಿದೆ. ಬಿಡುವಿನ ವೇಳೆಯಲ್ಲಿ ಹತ್ತು ಸಾಲು ತಿದ್ದಿದರೂ ಅವರು ಕಾಣದ ಎಷ್ಟೋ ಮಕ್ಕಳಿಗೆ ಉಪಕಾರವಾದೀತು.

ಆ ಒಂಬತ್ತನೆಯ ತರಗತಿಯ ಹುಡುಗಿಗೆ ಬೇಕಾಗಿದ್ದದ್ದು ಹೊಸ ಯಂತ್ರವಲ್ಲ, ವೇಗದ ಜಾಲವೂ ಅಲ್ಲ. ‘ಇನ್ನೂ ಹೋಗಿಲ್ಲ’ ಎಂಬ ಎರಡು ಮಾತು, ಆಮೇಲೆ ‘ತಲುಪಿತು’ ಎಂಬ ಒಂದು ಮಾತು. ಖಾನೆಯಲ್ಲಿ ಮರೆತಿರುವ ಕಾಗದ ನಿಮ್ಮ ಮನೆಯಲ್ಲೂ ಒಂದಿದ್ದರೆ ಈ ಹೊತ್ತೇ ಅಂಚೆಗೆ ಹಾಕಿಬಿಡಿ.